ಮೊದಲ ಮೀನುಗಳಿಗೆ ದವಡೆಯೇ ಇರಲಿಲ್ಲವಂತೆ, ನಿಜವಾ?

ನಿಜ. ಚೀನಾದ ಯುನ್ನಾನ್‌ನಲ್ಲಿ ಸಿಕ್ಕ ಹೈಕೊವಿಕ್ತಿಸ್ ಅನ್ನೋ ಮೀನಿನ ಪಳೆಯುಳಿಕೆ ಸುಮಾರು 52 ಕೋಟಿ ವರ್ಷ ಹಳೆಯದು. ಬೆರಳಿಗಿಂತ ಚಿಕ್ಕದು. ತಲೆ, ಕಿವಿರು ಇದ್ದವು, ದವಡೆ ಇರಲಿಲ್ಲ. ಲ್ಯಾಂಪ್ರೇ ಮೀನು ಇವತ್ತಿಗೂ ದವಡೆ ಇಲ್ಲದೆಯೇ ಬದುಕಿದೆ!

ದವಡೆ ಬಂದದ್ದು ಆಮೇಲೆ. ಮೂಳೆಯ ಕವಚ ತೊಟ್ಟ ಪ್ಲಾಕೊಡರ್ಮ್ ಮೀನುಗಳಲ್ಲಿ ಅದು ಚೆನ್ನಾಗಿ ಕಾಣುತ್ತದೆ. ಆದರೆ ಅವುಗಳ ದವಡೆ ಮೂಳೆಗೂ ನಮ್ಮದಕ್ಕೂ ಸಂಬಂಧವಿಲ್ಲ ಅಂತಲೇ ವಿಜ್ಞಾನಿಗಳು ಬಹಳ ಕಾಲ ಅಂದುಕೊಂಡಿದ್ದರು. 2013ರಲ್ಲಿ ಅದೇ ಯುನ್ನಾನ್‌ನ ಎಂಟೆಲೊಗ್ನಾಥಸ್ ಬೆಳಕಿಗೆ ಬಂತು. ಸುಮಾರು 41.9 ಕೋಟಿ ವರ್ಷ ಹಳೆಯ ಮೀನು. ಮೈಮೇಲೆ ಪ್ಲಾಕೊಡರ್ಮ್ ಕವಚ, ದವಡೆಯ ಅಂಚಿನ ಮೂಳೆಗಳು ಮಾತ್ರ ನಮ್ಮಂಥವೇ. ನನಗಂತೂ ಇದು ತುಂಬಾ ಮುಖ್ಯ ಅನ್ನಿಸುತ್ತದೆ. ಗಟ್ಟಿ ಮೂಳೆಯ ಬದಲು ಮೃದ್ವಸ್ಥಿ ಇರುವ ಶಾರ್ಕ್ ಅಂದರೆ ಹಳೇ ಮಾದರಿ ಅಂತೇವೆ, ಅಲ್ವಾ? ಆದರೆ ಈ ಮೀನನ್ನು ನೋಡಿದರೆ, ಬಹುಶಃ ಶಾರ್ಕ್‌ಗಳ ಪೂರ್ವಜರಿಗೂ ಮೂಳೆಯ ಕವಚ ಇತ್ತು, ಆಮೇಲೆ ಹೋಯಿತು.