ಪ್ರಶ್ನೋತ್ತರ: ಕಷಾಯ ಜೀವಕೋಶದೊಳಗೆ ಏನು ಮಾಡುತ್ತದೆ?

ಬದಿಯಡ್ಕದಿಂದ ಒಬ್ಬ ಓದುಗರು: ಚಿಕ್ಕಮ್ಮನಿಗೆ ಸ್ತನ ಕ್ಯಾನ್ಸರ್. ಮಂಗಳೂರಿನಲ್ಲಿ ಕೀಮೋ ನಡೆಯುತ್ತಿದೆ. ಮುಳ್ಳುರಾಮಫಲದ (ಮಲಯಾಳದವರ ಮುಳ್ಳಾತ್ತ) ಎಲೆ ಕುದಿಸಿ ಕುಡಿದರೆ ಕೀಮೋಗಿಂತ ಹೆಚ್ಚು ಗುಣ ಎಂದು ವಾಟ್ಸಾಪಿನಲ್ಲಿ ಬರುತ್ತಲೇ ಇದೆ. ಮರ ಹಿತ್ತಿಲಲ್ಲೇ ಇದೆ. ಕೊಡಬಹುದೇ?

ಕೊಡಬೇಡಿ. ಆ ಸಂದೇಶದಲ್ಲಿ ಒಂದು ಚೂರು ನಿಜ ಇರುವುದರಿಂದಲೇ ಜನ ಅದನ್ನು ನಂಬುತ್ತಾರೆ. ಹಾಗಾಗಿ ಆ ಚೂರನ್ನೇ ಮೊದಲು ಬಿಡಿಸಿ ನೋಡೋಣ.

ಈ ಮರದ ಎಲೆ, ಬೀಜ, ಹಣ್ಣಿನಲ್ಲಿ ಅಸಿಟೋಜೆನಿನ್ ಎಂಬ ಸಂಯುಕ್ತಗಳಿವೆ. ಜೀವಕೋಶಕ್ಕೆ ಶಕ್ತಿ ತಯಾರಿಸಿ ಕೊಡುವುದು ಅದರೊಳಗಿನ ಮೈಟೊಕಾಂಡ್ರಿಯ. ಅಲ್ಲಿ ಇಲೆಕ್ಟ್ರಾನುಗಳು ಕೈಯಿಂದ ಕೈಗೆ ದಾಟುತ್ತ ಹೋಗುವ ಸಾಲೊಂದಿದೆ. ಸಾಲಿನ ಮೊದಲ ಘಟಕವಾದ ಕಾಂಪ್ಲೆಕ್ಸ್ 1 ಅನ್ನೇ ಅಸಿಟೋಜೆನಿನ್ ಅಡ್ಡಗಟ್ಟುತ್ತದೆ. ಕೋಶದ ಇಂಧನವಾದ ಎಟಿಪಿಯ ತಯಾರಿ ಕುಸಿದು ಕೋಶ ಸಾಯುತ್ತದೆ. ಪ್ರಯೋಗಾಲಯದ ತಟ್ಟೆಯಲ್ಲಿ ಕ್ಯಾನ್ಸರ್ ಕೋಶ ಸತ್ತದ್ದು ಹೀಗೆ. ಆದರೆ ಮೈಟೊಕಾಂಡ್ರಿಯ ಕ್ಯಾನ್ಸರ್ ಕೋಶದಲ್ಲಿ ಮಾತ್ರ ಇರುವುದಲ್ಲ. ಮೆದುಳಿನ ನರಕೋಶಕ್ಕೆ ಎಟಿಪಿ ಇಲ್ಲದೆ ಕ್ಷಣವೂ ನಡೆಯದು. ಕೆರಿಬಿಯನ್ ಸಮುದ್ರದ ಗ್ವಾಡೆಲೂಪ್ ದ್ವೀಪದಲ್ಲಿ ಈ ಹಣ್ಣನ್ನೂ ಎಲೆಯ ಚಹಾವನ್ನೂ ನಿತ್ಯ ಸೇವಿಸುವವರಲ್ಲಿ, ಮಾಮೂಲಿ ಔಷಧಿಗೆ ಬಗ್ಗದ ಪಾರ್ಕಿನ್ಸನ್ ತರಹದ ಕಾಯಿಲೆ ಹೆಚ್ಚಿರುವುದನ್ನು 1999ರಲ್ಲಿ ವೈದ್ಯರು ವರದಿ ಮಾಡಿದರು. ಸಂಶಯ ಇರುವುದು ಅನೊನಾಸಿನ್ ಎಂಬ ಅಸಿಟೋಜೆನಿನ್ ಮೇಲೆ. ಇಲಿಗಳ ರಕ್ತಕ್ಕೆ ಅದನ್ನು ಸೇರಿಸಿದಾಗ ಮೆದುಳಿನ ನರಕೋಶಗಳು ಸತ್ತವು. ಹಣ್ಣಿನ ಕಾಲದಲ್ಲಿ ಬೀಜ ತೆಗೆದು ಒಂದೆರಡು ತುಂಡು ತಿನ್ನುವುದಕ್ಕೂ ತಿಂಗಳುಗಟ್ಟಲೆ ಎಲೆ ಕುದಿಸಿ ಕುಡಿಯುವುದಕ್ಕೂ ತುಂಬ ಅಂತರವಿದೆ.

ಗಿಡದಿಂದ ಕ್ಯಾನ್ಸರ್ ಮದ್ದು ಬರುವುದಿಲ್ಲವೇ? ಖಂಡಿತ ಬರುತ್ತದೆ. ಅಂಗಳದ ನಿತ್ಯಪುಷ್ಪವನ್ನೇ ನೋಡಿ. ಜಮೈಕಾದಲ್ಲಿ ಅದರ ಎಲೆಯ ಚಹಾವನ್ನು ಸಕ್ಕರೆ ಕಾಯಿಲೆಗೆ ಕುಡಿಯುತ್ತಿದ್ದರು. ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬೀರ್ ಅದನ್ನು ಪರೀಕ್ಷಿಸಿದಾಗ ಇಲಿಗಳ ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣ ಇಳಿಯಿತು. ಆ ಜಾಡು ಹಿಡಿದು 1958ರಲ್ಲಿ ವಿನ್‌ಬ್ಲಾಸ್ಟಿನ್ ಸಿಕ್ಕಿತು. ಒಂದು ಗ್ರಾಂ ಮದ್ದಿಗೆ ಸುಮಾರು 500 ಕಿಲೋ ಒಣ ಎಲೆ ಬೇಕು. ಅದರ ಜೊತೆಗಾರ ವಿನ್‌ಕ್ರಿಸ್ಟಿನ್ 1963ರಲ್ಲಿ ಅಮೆರಿಕದಲ್ಲಿ ಮಾನ್ಯವಾಗಿ, ಮಕ್ಕಳ ರಕ್ತ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಇಂದಿಗೂ ಮುಖ್ಯ ಮದ್ದಾಗಿ ಉಳಿದಿದೆ.

ಕೋಶ ಎರಡಾಗುವಾಗ ವರ್ಣತಂತುಗಳನ್ನು ಎರಡು ಕಡೆಗೆ ಎಳೆಯಲು ಸಪೂರ ನಾಳಗಳು ಕಟ್ಟಿಕೊಳ್ಳುತ್ತವೆ. ಅವುಗಳ ಇಟ್ಟಿಗೆಯೇ ಟ್ಯುಬ್ಯುಲಿನ್. ವಿನ್‌ಕ್ರಿಸ್ಟಿನ್ ಆ ಇಟ್ಟಿಗೆಗೆ ಅಂಟಿಕೊಂಡರೆ ನಾಳ ಕಟ್ಟುವುದಿಲ್ಲ, ವಿಭಜನೆ ಅರ್ಧಕ್ಕೆ ನಿಂತು ಕೋಶ ಸಾಯುತ್ತದೆ. ನರತಂತುವಿನ ಉದ್ದಕ್ಕೂ ಸಾಮಾನು ಸಾಗುವುದು ಅದೇ ನಾಳಗಳ ಹಳಿಯ ಮೇಲೆ. ಈ ಮದ್ದು ಪಡೆಯುವವರಿಗೆ ಬೆರಳ ತುದಿ ಜೋಮು ಹಿಡಿಯುವುದು, ಮಲಬದ್ಧತೆಯಾಗುವುದು ಇದಕ್ಕೇ. ದೇಹದ ಮೇಲ್ಮೈಯ ಒಂದು ಚದರ ಮೀಟರಿಗೆ 1.5 ಮಿಲಿಗ್ರಾಂ ಲೆಕ್ಕ ಹಾಕಿ, ಸಾಮಾನ್ಯವಾಗಿ ಒಂದು ಸಲಕ್ಕೆ 2 ಮಿಲಿಗ್ರಾಂ ಮೀರದಂತೆ ರಕ್ತನಾಳಕ್ಕೆ ಮಾತ್ರ ಕೊಡುತ್ತಾರೆ. ಇಷ್ಟು ಬಿಗಿ ಅಳತೆಯ ಮದ್ದನ್ನು ಮುಷ್ಟಿ ಎಲೆಯಲ್ಲಿ ಅಳೆಯಲಾಗದು. ಸಕ್ಕರೆ ಕಾಯಿಲೆಗೆಂದು ನಿತ್ಯಪುಷ್ಪದ ಎಲೆ ಅಗಿಯುವವರೂ ಇದನ್ನು ಗಮನಿಸಬೇಕು.

ಚಿಕ್ಕಮ್ಮನ ವಿಷಯಕ್ಕೆ ಬಂದರೆ, ಅವರು ತೆಗೆದುಕೊಳ್ಳುತ್ತಿರುವ ಲೇಹ, ಅರಿಷ್ಟ, ಕ್ಯಾಪ್ಸೂಲ್ ಎಲ್ಲವನ್ನೂ ಒಂದು ಕಾಗದದಲ್ಲಿ ಬರೆದು ಕ್ಯಾನ್ಸರ್ ವೈದ್ಯರಿಗೆ ಕೊಡಿ. ಸ್ತನ ಕ್ಯಾನ್ಸರಿಗೆ ಕೊಡುವ ಡೋಸಿಟ್ಯಾಕ್ಸೆಲ್‌ನಂಥ ಮದ್ದುಗಳನ್ನು ಯಕೃತ್ತಿನ ಕಿಣ್ವಗಳು ಒಡೆಯುತ್ತವೆ. ಕಷಾಯ ಆ ಕಿಣ್ವವನ್ನು ತಡೆದರೆ ಮದ್ದು ರಕ್ತದಲ್ಲಿ ಏರಿ ವಿಷವಾಗುತ್ತದೆ, ಚುರುಕುಗೊಳಿಸಿದರೆ ಮದ್ದು ವ್ಯರ್ಥ. ಎರಡೂ ಹೊರಗಿನಿಂದ ಕಾಣುವುದಿಲ್ಲ. ಬಿಳಿ ರಕ್ತಕಣ ಇಳಿದ ದಿನಗಳಲ್ಲಿ ಹಸಿ ಎಲೆಯ ರಸವಂತೂ ಸೋಂಕಿಗೆ ದಾರಿ.

ಪೆರ್ಲದಿಂದ ಒಬ್ಬರು: ಗಂಟುನೋವಿಗೆ ಅರಶಿನ ಹಾಲು ಕುಡಿಯುತ್ತಿದ್ದೇನೆ. ಒಳ್ಳೆಮೆಣಸು ಸೇರಿಸಬೇಕು ಎನ್ನುತ್ತಾರೆ. ಎಷ್ಟು? ಕ್ಯಾಪ್ಸೂಲೇ ಉತ್ತಮವೇ?

ಒಂದು ಸಣ್ಣ ಚಮಚ ಅರಶಿನ ಪುಡಿ ಸುಮಾರು 3 ಗ್ರಾಂ. ಅದರಲ್ಲಿ ಕರ್ಕ್ಯುಮಿನ್ ಹೆಚ್ಚುಕಡಿಮೆ 90 ಮಿಲಿಗ್ರಾಂ. ಕೋಶದಲ್ಲಿ ಎನ್‌ಎಫ್ ಕಪ್ಪಾ ಬಿ ಎಂಬ ಪ್ರೋಟೀನ್ ಕಟ್ಟಿಹಾಕಿದಂತೆ ಕಾದಿರುತ್ತದೆ. ಬಿಡುಗಡೆಯಾದರೆ ಕೋಶಕೇಂದ್ರಕ್ಕೆ ನುಗ್ಗಿ ಉರಿಯೂತದ ಜೀನುಗಳನ್ನು ಎಬ್ಬಿಸುತ್ತದೆ. ಕರ್ಕ್ಯುಮಿನ್ ಆ ಬಿಡುಗಡೆಯನ್ನು ತಡೆಯುತ್ತದೆ. ತಟ್ಟೆಯಲ್ಲಿ ಇದು ಕಾಣುವುದು ಸಾಮಾನ್ಯವಾಗಿ 5ರಿಂದ 50 ಮೈಕ್ರೊಮೋಲಾರ್ ಸಾಂದ್ರತೆಗೆ. ದಿನಕ್ಕೆ 8 ಗ್ರಾಂ ಕರ್ಕ್ಯುಮಿನ್ ನುಂಗಿದವರ ರಕ್ತದಲ್ಲೂ ಅದು 2ರ ಆಸುಪಾಸಿನಲ್ಲೇ ನಿಂತಿತ್ತು. ಕರುಳಿನ ಗೋಡೆ, ಯಕೃತ್ತು ಎರಡೂ ಸೇರಿ ಅದಕ್ಕೆ ಗ್ಲುಕುರಾನಿಕ್ ಆಮ್ಲ ಜೋಡಿಸಿ ಹೊರಗೆ ಸಾಗಿಸುತ್ತವೆ.

ಒಳ್ಳೆಮೆಣಸಿನ ಪೈಪರಿನ್ ಈ ಜೋಡಣೆಯನ್ನು ನಿಧಾನ ಮಾಡುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ಹೀರಿಕೆ ಸುಮಾರು 20 ಪಟ್ಟು ಏರಿತು. ನಿಮ್ಮ ಒಂದು ಲೋಟಕ್ಕೆ ನಾಲ್ಕೈದು ಕಾಳು ಜಜ್ಜಿ ಹಾಕಿದರೆ ಧಾರಾಳ. ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಹಾಗಾಗಿ ಕೆನೆ ತೆಗೆಯದ ಹಾಲು, ಅಥವಾ ಅರ್ಧ ಚಮಚ ತುಪ್ಪ. ಕೊಂಬು ಅರಶಿನ ತಂದು ಮನೆಯಲ್ಲೇ ಪುಡಿ ಮಾಡಿ. ಸಡಿಲ ಪುಡಿಗೆ ಬಣ್ಣಕ್ಕೆಂದು ಸೀಸದ ಕ್ರೋಮೇಟ್ ಬೆರೆಸುವುದುಂಟು.

ಪೈಪರಿನ್ ಅರಶಿನಕ್ಕೆ ಮಾತ್ರ ಬಾಗಿಲು ತೆರೆಯುವುದಲ್ಲ. ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್, ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್, ರಕ್ತದೊತ್ತಡದ ಪ್ರೊಪ್ರನೊಲಾಲ್ ಇವುಗಳ ಮಟ್ಟವನ್ನೂ ಏರಿಸುತ್ತದೆ. ಈ ಮಾತ್ರೆ ನುಂಗುವವರು, ರಕ್ತ ತೆಳುವಾಗಲು ವಾರ್ಫರಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಶುರು ಮಾಡಬಾರದು. ಪಿತ್ತಕೋಶದಲ್ಲಿ ಕಲ್ಲಿದ್ದರೂ ಬೇಡ, ಕರ್ಕ್ಯುಮಿನ್ ಪಿತ್ತಕೋಶವನ್ನು ಹಿಂಡುತ್ತದೆ.

ಕ್ಯಾಪ್ಸೂಲನ್ನು ನಾವು ಶಿಫಾರಸು ಮಾಡುವುದಿಲ್ಲ. ಪೈಪರಿನ್ ಸೇರಿಸಿದ ಗಟ್ಟಿ ಕರ್ಕ್ಯುಮಿನ್ ತಿಂದು ಕೆಲವರಿಗೆ ಯಕೃತ್ತಿನ ಉರಿಯೂತವಾಗಿದೆ. ಅಮೆರಿಕದಲ್ಲಿ ಪರಿಶೀಲಿಸಿದ ಪ್ರಕರಣಗಳಲ್ಲಿ ಒಂದು ನಿರ್ದಿಷ್ಟ ಆನುವಂಶಿಕ ಗುರುತು ಇರುವವರೇ ಹೆಚ್ಚಾಗಿ ಕಂಡರು. ನಿಮ್ಮಲ್ಲಿ ಅದಿದೆಯೇ ಎಂದು ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ಮೂತ್ರ ಕಡು ಹಳದಿಯಾದರೆ, ಊಟ ಸೇರದಿದ್ದರೆ ಅಂದೇ ನಿಲ್ಲಿಸಿ ಯಕೃತ್ತಿನ ಪರೀಕ್ಷೆ ಮಾಡಿಸಿ.

ಕುಂಬಳೆಯಿಂದ ಒಬ್ಬರು: ಆಟಿ ಅಮಾವಾಸ್ಯೆಗೆ ಪಾಲೆ ಮರದ ಕೆತ್ತೆಯ (ತೊಗಟೆಯ) ಕಷಾಯ ಕುಡಿದು ಕೆಲವರು ಆಸ್ಪತ್ರೆ ಸೇರಿದ ಸುದ್ದಿ ಓದಿ ಹೆದರಿಕೆಯಾಗಿದೆ. ಪಾಲೆಯೇ ವಿಷವೇ?

ಅಪಾಯ ಇರುವುದು ಪಾಲೆಯಲ್ಲಲ್ಲ, ತಪ್ಪು ಮರದಲ್ಲಿ. ಬೆಳಕು ಹರಿಯುವ ಮೊದಲೇ ಹೋಗಿ ಕಲ್ಲಿನಿಂದ ಜಜ್ಜಿ ತೊಗಟೆ ತರುವ ಪದ್ಧತಿ ನಮ್ಮದು. ಕತ್ತಲಲ್ಲಿ ಕೈ ಕಾಸರಕದ ಮೇಲೆ ಬಿದ್ದರೆ ಮುಗಿಯಿತು. ಕಾಸರಕದಲ್ಲಿ (ಮಲಯಾಳದ ಕಾಞ್ಞಿರ) ಸ್ಟ್ರಿಕ್ನಿನ್, ಬ್ರೂಸಿನ್ ಇವೆ. ಬೆನ್ನುಹುರಿಯಲ್ಲಿ ಸ್ನಾಯುವಿಗೆ ಹೋಗುವ ನರಕೋಶಗಳನ್ನು ಹತೋಟಿಯಲ್ಲಿಡುವ ಬ್ರೇಕು ಗ್ಲೈಸಿನ್. ಸ್ಟ್ರಿಕ್ನಿನ್ ಗ್ಲೈಸಿನ್ ಕೂರುವ ಜಾಗದಲ್ಲಿ ತಾನು ಕೂರುತ್ತದೆ. ಬ್ರೇಕು ಹೋದ ಮೇಲೆ ಒಂದು ಸದ್ದು, ಒಂದು ಸ್ಪರ್ಶ ಸಾಕು, ಮೈಯೆಲ್ಲ ಬಿಲ್ಲಿನಂತೆ ಸೆಟೆಯುತ್ತದೆ. ರೋಗಿಗೆ ಪ್ರಜ್ಞೆ ಪೂರ್ತಿ ಇರುತ್ತದೆ, ಅದೇ ಘೋರ. ಎಷ್ಟು ಕುದಿಸಿದರೂ ಸ್ಟ್ರಿಕ್ನಿನ್ ನಾಶವಾಗದು. ಬರಿಹೊಟ್ಟೆಯಲ್ಲಿ ಕುಡಿಯುವುದರಿಂದ ಬೇಗ ಏರುತ್ತದೆ, ಹದಿನೈದು ಮೂವತ್ತು ನಿಮಿಷದಲ್ಲೇ ಲಕ್ಷಣ ತೋರಬಹುದು.

ಮರವನ್ನು ಹಿಂದಿನ ದಿನ ಹಗಲಲ್ಲೇ ಗುರುತಿಸಿ, ಕಾಂಡಕ್ಕೆ ಬಟ್ಟೆ ಕಟ್ಟಿ ಬನ್ನಿ. ಪಾಲೆಯಲ್ಲಿ ಒಂದೇ ಗಂಟಿನಿಂದ ನಾಲ್ಕರಿಂದ ಏಳು ಎಲೆ ಕೊಡೆಯ ಕಡ್ಡಿಗಳಂತೆ ಸುತ್ತಲೂ ಹರಡಿರುತ್ತವೆ, ಗೀರಿದರೆ ಬಿಳಿ ಹಾಲು. ಕಾಸರಕದಲ್ಲಿ ಎಲೆಗಳು ಎದುರುಬದುರು ಎರಡೆರಡು, ಹೊಳಪು ಹೆಚ್ಚು, ಬುಡದಿಂದಲೇ ಮೂರರಿಂದ ಐದು ನರ ಹೊರಡುತ್ತವೆ, ಹಾಲಿಲ್ಲ. ಹಾಲೊಂದನ್ನೇ ನಂಬಬೇಡಿ: ಹಿನ್ನೀರಿನ ಬದಿ ಬೆಳೆಯುವ, ಮಲಯಾಳದಲ್ಲಿ ಒತಳಂ ಎನ್ನುವ ಮರದಲ್ಲೂ ಹಾಲಿದೆ, ಅದು ಹೃದಯದ ಬಡಿತವನ್ನೇ ಕೆಡಿಸುವ ವಿಷ. ಅದರ ಎಲೆಗಳು ಒಂದರ ಮೇಲೊಂದು ಸುರುಳಿಯಾಗಿ ಬರುತ್ತವೆ, ಒಂದೇ ಗಂಟಿನಿಂದ ಅಲ್ಲ. ಯಾರೋ ತಂದುಕೊಟ್ಟ ತೊಗಟೆಯ ಚೂರನ್ನು ಮಾತ್ರ ನೋಡಿ ತೀರ್ಮಾನಿಸಬೇಡಿ.

ಓಮ, ಬೆಳ್ಳುಳ್ಳಿ, ಒಳ್ಳೆಮೆಣಸು ಸೇರಿಸಿ ಮಾಡಿದ ಕಷಾಯ ದೊಡ್ಡವರಿಗೆ 30 ಮಿಲಿ ಮೀರದಿರಲಿ. ಗರ್ಭಿಣಿಯರಿಗೆ, ಸಣ್ಣ ಮಕ್ಕಳಿಗೆ ಬೇಡ. ಕುಡಿದ ಮೇಲೆ ಕುತ್ತಿಗೆ, ದವಡೆ ಬಿಗಿದರೆ ವಾಂತಿ ಮಾಡಿಸಬೇಡಿ, ನೀರು ಕುಡಿಸಬೇಡಿ, ಕಷಾಯದ ಮೇಲೆ ಉಣ್ಣುವ ಮೆಂತೆ ಗಂಜಿಗಾಗಿ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಬೆಳಕು ಸದ್ದು ಕಡಿಮೆ ಮಾಡಿ ಮಲಗಿಸಿ, ಉಳಿದ ತೊಗಟೆಯನ್ನು ಜೊತೆಗೆ ಕೊಂಡೊಯ್ಯಿರಿ. ಸೆಳೆತ ಇಳಿಸುವ ಇಂಜೆಕ್ಷನ್, ಬೇಕಾದರೆ ಉಸಿರಾಟದ ಯಂತ್ರ, ಇವೇ ಚಿಕಿತ್ಸೆ. ಮೊದಲ ಕೆಲವು ಗಂಟೆ ದಾಟಿದರೆ ಬದುಕುವ ಸಾಧ್ಯತೆ ಬಹಳ ಹೆಚ್ಚು.

ಉಪ್ಪಳದಿಂದ: ಕೊಲೆಸ್ಟ್ರಾಲಿಗೆ ಬಿಂಬುಳಿ ರಸ ಒಳ್ಳೆಯದೇ?

ರಸ ಮಾಡಿ ಕುಡಿಯಲೇಬೇಡಿ. ಬಿಂಬುಳಿಯಲ್ಲಿ ಆಕ್ಸಲೇಟ್ ವಿಪರೀತ. ಅದು ಕ್ಯಾಲ್ಸಿಯಂ ಜೊತೆ ಸೇರಿ ಮೂತ್ರಪಿಂಡದ ಸೂಕ್ಷ್ಮ ನಾಳಗಳಲ್ಲಿ ಹರಳಾಗಿ ಕೂತು ಗೋಡೆಯ ಕೋಶಗಳನ್ನು ಕೊಲ್ಲುತ್ತದೆ. ನಮ್ಮ ಕೇರಳದಲ್ಲೇ, ಇದೇ ಕಾರಣಕ್ಕೆ ಗಟ್ಟಿ ರಸ ಕುಡಿದು ಮೂತ್ರಪಿಂಡ ಕೆಟ್ಟ 10 ಜನರ ವರದಿ 2013ರಲ್ಲಿ ಪ್ರಕಟವಾಯಿತು. ಅವರಲ್ಲಿ 7 ಮಂದಿಗೆ ಡಯಾಲಿಸಿಸ್ ಬೇಕಾಯಿತು. ಸಾರಿಗೆ ಎರಡು ಕಾಯಿ, ಊಟಕ್ಕೆ ಸ್ವಲ್ಪ ಉಪ್ಪಿನಕಾಯಿ, ಅಷ್ಟಕ್ಕೆ ತೊಂದರೆಯಿಲ್ಲ. ಮೂತ್ರಪಿಂಡ ಮೊದಲೇ ದುರ್ಬಲ ಇರುವವರು ಅದನ್ನೂ ಬಿಡಿ.

ಮುಳ್ಳೇರಿಯದಿಂದ: ತಿಮರೆ (ಒಂದೆಲಗ) ಅರೆದು ಗಾಯಕ್ಕೆ ಹಚ್ಚಬಹುದೇ?

ತಿಮರೆಯ ಏಷಿಯಾಟಿಕೊಸೈಡ್ ಚರ್ಮದ ಕೋಶಗಳಿಂದ ಕೊಲಾಜನ್ ಹೆಚ್ಚು ತಯಾರಾಗುವಂತೆ ಮಾಡುತ್ತದೆ, ಅದು ಸರಿ. ಆದರೆ ಗದ್ದೆ ಹುಣಿಯ ಎಲೆಯಲ್ಲಿ ಮಣ್ಣಿನ ಸೂಕ್ಷ್ಮಾಣುಗಳೂ ಇರುತ್ತವೆ. ತೆರೆದ ಗಾಯಕ್ಕೆ ಹಸಿ ಎಲೆ ಬೇಡ. ಸಾಬೂನು ನೀರಿನಲ್ಲಿ ತೊಳೆದು, ಧನುರ್ವಾಯುವಿನ ಇಂಜೆಕ್ಷನ್ ಆಗಿದೆಯೇ ನೋಡಿ. ತಿಮರೆಯನ್ನು ಬೇರು ಸಹಿತ ನಾಲ್ಕು ನೀರಿನಲ್ಲಿ ತೊಳೆದು ತಂಬುಳಿಗೆ ಬಳಸಿ.