ಸಂಘಟನೆಯಲ್ಲಿದ್ದರೆ ಸನ್ನದು ಸಿಗಲ್ವಾ?

ಲಾ ಕಾಲೇಜಿಗೆ ಸೇರಿದ ಮೇಲೆ ವಿದ್ಯಾರ್ಥಿ ಸಂಘಟನೆ ಬಿಡಬೇಕಾ, ಹೋರಾಟದಲ್ಲಿ ಕೇಸ್ ಬಿದ್ದರೆ ಸನ್ನದು (ವಕೀಲಿ ಮಾಡಲು ಬಾರ್ ಕೌನ್ಸಿಲ್ ಕೊಡುವ ಪರವಾನಗಿ) ಸಿಗಲ್ವಾ ಅಂತ ಕೇಳಿದ್ದೀರಿ. ನಾನು ಜಿಲ್ಲಾ ಕೋರ್ಟಿನಲ್ಲಿ ವಕೀಲ. ಕಾಲೇಜಿನಲ್ಲಿ ನಾನೂ ಬಾವುಟ ಹಿಡಿದವನೇ.

ಬರೀ ಎಫ್‌ಐಆರ್ ಆದ ಮಾತ್ರಕ್ಕೆ ಸನ್ನದು ತಪ್ಪುವುದಿಲ್ಲ. 1961ರ ವಕೀಲರ ಕಾಯ್ದೆಯ 24ಎ ಕಲಂ ಅಡ್ಡ ಬರುವುದು ಮುಖ್ಯವಾಗಿ ನೈತಿಕ ಅಧಃಪತನದ ಅಪರಾಧದಲ್ಲಿ ಶಿಕ್ಷೆಯಾದವರಿಗೆ. ಮೋಸ, ಲಂಚ ಅಂಥವು. ಅದೂ ಬಿಡುಗಡೆಯಾಗಿ 2 ವರ್ಷದವರೆಗೆ. ಆದರೆ ಕೇಸ್ ಇದ್ದರೆ ಅರ್ಜಿಯಲ್ಲಿ ಮುಚ್ಚಿಡಲೇಬೇಡಿ. ಸುಳ್ಳು ಹೇಳಿ ಪಡೆದ ಸನ್ನದನ್ನು ಆಮೇಲೂ ರದ್ದು ಮಾಡಬಹುದು.

ಬೆಂಗಳೂರಿನಲ್ಲಿ ಈಗ ಪ್ರತಿಭಟನೆಗೆ ಜಾಗ ಫ್ರೀಡಂ ಪಾರ್ಕ್, ಅಲ್ವಾ? ಹಿಂದೆ ಅದು ಸೆಂಟ್ರಲ್ ಜೈಲು. ತುರ್ತು ಪರಿಸ್ಥಿತಿಯಲ್ಲಿ ಜನಸಂಘದ ವಾಜಪೇಯಿ, ಅಡ್ವಾಣಿ, ಸೋಷಲಿಸ್ಟ್ ಮಧು ದಂಡವತೆ ಅಲ್ಲೇ ಬಂಧನದಲ್ಲಿದ್ದರು. ಅವರ ಪರ ಹೈಕೋರ್ಟಿನಲ್ಲಿ ಓಡಾಡಿದ ವಕೀಲ ರಾಮಾ ಜೋಯಿಸರನ್ನೂ ಕೊನೆಗೆ ಅದೇ ಜೈಲಿಗೆ ಹಾಕಿದರು. ಮುಂದೆ ಅವರು ಹೈಕೋರ್ಟ್ ನ್ಯಾಯಮೂರ್ತಿಯಾದರು.

ಹೀಗೆ ಬಂಧನದಲ್ಲಿದ್ದವರು ಬಿಡುಗಡೆ ಕೇಳಿ ಕೋರ್ಟಿಗೆ ಹೋಗಬಹುದೇ ಅನ್ನುವ ಪ್ರಶ್ನೆ 1976ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಎಡಿಎಂ ಜಬಲ್ಪುರ ಕೇಸ್ ಅಂತ ನೀವೂ ಓದುತ್ತೀರಿ. ನಮ್ಮ ಕಾಲೇಜಿನ ಮೂಟ್ ಕೋರ್ಟಿನಲ್ಲಿ (ಅಣಕು ನ್ಯಾಯಾಲಯ) ಅದೇ ವಿಷಯ ಬಂತು, ಚೀಟಿ ಎತ್ತಿದರೆ ನನಗೆ ಸಿಕ್ಕಿದ್ದು ಸರ್ಕಾರದ ಪಕ್ಷ. ಹೊಟ್ಟೆ ಉರಿಯಿತು. ಆದರೂ ಕೂತು ಓದಿದೆ. ಸಂವಿಧಾನದ 359ನೇ ವಿಧಿಯ ಪ್ರಕಾರ ಹಕ್ಕು ಕೇಳಿ ಕೋರ್ಟಿಗೆ ಹೋಗುವ ದಾರಿಯನ್ನೇ ರಾಷ್ಟ್ರಪತಿ ಆದೇಶದಿಂದ ಮುಚ್ಚಬಹುದಿತ್ತು. ಸರ್ಕಾರದ ವಾದ ನಿಂತಿದ್ದು ಅಲ್ಲಿ. ನಾಲ್ವರು ನ್ಯಾಯಮೂರ್ತಿಗಳು ಅದನ್ನು ಒಪ್ಪಿದರು. ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಜೀವ ತೆಗೆದರೂ ಪರಿಹಾರ ಇಲ್ಲವೇ ಅಂತ ಸರ್ಕಾರದ ಪರ ವಾದಿಸುತ್ತಿದ್ದ ಅಟಾರ್ನಿ ಜನರಲ್‌ಗೆ ಅವರು ಕೇಳಿದ್ದು, ತುರ್ತು ಪರಿಸ್ಥಿತಿ ಇರುವವರೆಗೆ ಇಲ್ಲ ಅಂತ ಉತ್ತರ ಬಂದಿದ್ದು ಓದಿದಾಗ ಮೈ ಜುಮ್ಮೆಂದಿತು. ಆ ವಾದ ಒಪ್ಪಿದರೆ ಎಲ್ಲಿಗೆ ಹೋಗಿ ಮುಟ್ಟುತ್ತೇವೆ ಅನ್ನುವುದನ್ನು ಒಂದೇ ಪ್ರಶ್ನೆಯಲ್ಲಿ ಅವರು ತೋರಿಸಿಬಿಟ್ಟಿದ್ದರು. 2017ರಲ್ಲಿ ಖಾಸಗಿತನದ ಹಕ್ಕಿನ ಪುಟ್ಟಸ್ವಾಮಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಖನ್ನಾ ಅವರದೇ ಸರಿ ಎಂದಿತು.

ಸರ್ಕಾರದ ಪಕ್ಷ ವಾದಿಸಿದ್ದರಿಂದ ನನ್ನ ನಿಲುವು ಬದಲಾಗಲಿಲ್ಲ, ಇನ್ನೂ ಗಟ್ಟಿಯಾಯಿತು. ಅದಕ್ಕೇ ಹೇಳುವುದು, ಸಂಘಟನೆ ಬಿಡಬೇಡಿ. ನಿಮಗೆ ಸಿಟ್ಟು ಬರಿಸುವ ತೀರ್ಪುಗಳನ್ನೇ ಮೊದಲು ಪೂರ್ತಿ ಓದಿ. ಹಾಜರಾತಿಯನ್ನೂ ನೋಡಿಕೊಳ್ಳಿ. ಬಾರ್ ಕೌನ್ಸಿಲ್ ನಿಯಮದಲ್ಲಿ ಶೇ. 70 ಇದೆ. ಹೋರಾಟದ ಹುಡುಗರನ್ನು ಪರೀಕ್ಷೆಯಿಂದ ಹೊರಗಿಡಲು ಕೆಲವು ಕಾಲೇಜುಗಳಿಗೆ ಅಷ್ಟೇ ಸಾಕು.