ಎಂಟು ಲಕ್ಷ ಬಾತ್ ಯಾರದು? ಥಾಯ್ಲೆಂಡ್ ನಿವೃತ್ತಿ ವೀಸಾ ಕುರಿತ ಪ್ರಶ್ನೆಗಳಿಗೆ ಉತ್ತರ

ನಿವೃತ್ತಿಯ ನಂತರ ಥಾಯ್ಲೆಂಡಿನಲ್ಲಿ ನೆಲೆಸಬೇಕೆನ್ನುವವರಿಂದ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ವೇಷದಲ್ಲಿ ಕೇಳುತ್ತವೆ. ಆದ್ದರಿಂದ ಈ ಬಾರಿ ಅದಕ್ಕೇ ಹೆಚ್ಚಿನ ಜಾಗ ಕೊಟ್ಟಿದ್ದೇನೆ. ಐವತ್ತು ವರ್ಷ ತುಂಬಿರಬೇಕು, ಪಾಸ್‌ಪೋರ್ಟಿನ ಅವಧಿ ಉಳಿದಿರಬೇಕು, ಫೋಟೊ ಇತ್ತೀಚಿನದಾಗಿರಬೇಕು ಎಂಬಂಥವನ್ನು ಇಲ್ಲಿ ಬರೆಯುವುದಿಲ್ಲ. ಅವು ಅರ್ಜಿಯಲ್ಲೇ ಇವೆ, ಓದಿಕೊಳ್ಳಿ.

ಪ್ರಶ್ನೆ: ವಾಸದ ಅವಧಿಯ ಪ್ರತಿವರ್ಷದ ವಿಸ್ತರಣೆಗೆ ಬ್ಯಾಂಕಿನಲ್ಲಿ 8 ಲಕ್ಷ ಬಾತ್ (ಥಾಯ್ಲೆಂಡಿನ ಹಣ) ತೋರಿಸಬೇಕಂತೆ. ಅಷ್ಟು ಹಣ ಈಗ ನನ್ನ ಕೈಯಲ್ಲಿಲ್ಲ. ಏಜೆಂಟರೊಬ್ಬರು ತಾವೇ ನನ್ನ ಖಾತೆಗೆ ಹಣ ಹಾಕಿ, ಪಾಸ್‌ಪೋರ್ಟಿಗೆ ವಿಸ್ತರಣೆಯ ಮುದ್ರೆ ಬಿದ್ದ ಮೇಲೆ ಹಿಂದಕ್ಕೆ ಪಡೆಯುತ್ತಾರಂತೆ. ಅದಕ್ಕೊಂದು ಶುಲ್ಕ ಕೊಟ್ಟರೆ ಸಾಕಂತೆ, ಎಲ್ಲರೂ ಹೀಗೇ ಮಾಡುತ್ತಾರಂತೆ. ಇದರಲ್ಲಿ ತೊಂದರೆಯೇನಾದರೂ ಇದೆಯೇ?

ಉತ್ತರ: ಇದೆ. ನಿಮ್ಮದಲ್ಲದ ಹಣವನ್ನು ನಿಮ್ಮದೆಂದು ತೋರಿಸಿ ಪರವಾನಗಿ ಪಡೆಯುವುದು ಸುಳ್ಳು ದಾಖಲೆ ಕೊಟ್ಟು ಪಡೆದಂತೆಯೇ. ಅದಕ್ಕೆ ‘ವಿಐಪಿ ಸೇವೆ’ ಎಂದು ಹೆಸರಿಟ್ಟ ಮಾತ್ರಕ್ಕೆ ಅದು ಬೇರೇನೋ ಆಗಿಬಿಡುವುದಿಲ್ಲ. ಎಲ್ಲರೂ ಮಾಡುತ್ತಾರೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಒಪ್ಪಿದರೂ, ಸಿಕ್ಕಿಬಿದ್ದವರ ಕಥೆಯನ್ನು ಏಜೆಂಟರು ನಿಮಗೆ ಹೇಳುವುದಿಲ್ಲ ಎಂಬುದನ್ನು ಮರೆಯಬೇಡಿ.

ಮೊದಲು ನಿಯಮವನ್ನು ಸರಿಯಾಗಿ ತಿಳಿದುಕೊಳ್ಳಿ, ಏಕೆಂದರೆ ‘ತೋರಿಸುವುದು’ ಎಂಬ ಮಾತೇ ಇಲ್ಲಿ ಅರ್ಧ ಅನಾಹುತಕ್ಕೆ ಕಾರಣ. 2019ರ ಮಾರ್ಚ್‌ನಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ, 8 ಲಕ್ಷ ಬಾತ್ ಅರ್ಜಿ ಹಾಕುವ ದಿನಕ್ಕೆ ಎರಡು ತಿಂಗಳು ಮೊದಲೇ ನಿಮ್ಮ ಹೆಸರಿನ ಥಾಯ್ ಬ್ಯಾಂಕ್ ಖಾತೆಯಲ್ಲಿರಬೇಕು. ವಿಸ್ತರಣೆ ಸಿಕ್ಕ ಮೇಲೆ ಮೂರು ತಿಂಗಳು ಹಾಗೆಯೇ ಇರಬೇಕು. ಆಮೇಲೂ ವರ್ಷದ ಯಾವ ದಿನವೂ ಶಿಲ್ಕು 4 ಲಕ್ಷಕ್ಕಿಂತ ಕೆಳಗಿಳಿಯಕೂಡದು. ಆಗಸ್ಟ್ 10ರಂದು ವಿಸ್ತರಣೆ ಪಡೆಯುವವರ ಲೆಕ್ಕ ನೋಡಿ. ಜೂನ್ 10ರ ಹೊತ್ತಿಗೆ 8 ಲಕ್ಷ ಖಾತೆಯಲ್ಲಿ ಕೂತಿರಬೇಕು, ನವೆಂಬರ್ 10ರವರೆಗೆ ಅಲುಗಾಡಕೂಡದು. ಅಲ್ಲಿಂದ ಮುಂದಿನ ಜೂನ್ 10ರವರೆಗೆ ಏಳು ತಿಂಗಳು 4 ಲಕ್ಷದಷ್ಟನ್ನು ಮಾತ್ರ ಬಳಸಬಹುದು, ಆಮೇಲೆ ಅದನ್ನೂ ಮತ್ತೆ ತುಂಬಿಸಬೇಕು. ಅಂದರೆ ಉಳಿದ 4 ಲಕ್ಷವನ್ನು ನೀವು ಆ ದೇಶದಲ್ಲಿ ಇರುವಷ್ಟು ಕಾಲ ಮುಟ್ಟುವಂತೆಯೇ ಇಲ್ಲ. ಇಷ್ಟು ತಿಳಿದ ಮೇಲೂ ಒಂದು ದಿನದ ಮಟ್ಟಿಗೆ ಹಣ ತೋರಿಸುತ್ತೇನೆನ್ನುವವನು ನಿಯಮ ಪಾಲಿಸಲು ನೆರವಾಗುತ್ತಿಲ್ಲ, ನಿಯಮದ ಕಣ್ಣಿಗೆ ಮಣ್ಣೆರಚುತ್ತಿದ್ದಾನೆ, ಅದೂ ನಿಮ್ಮ ಹೆಸರಿನಲ್ಲಿ.

ಕೆಲವು ವರ್ಷಗಳ ಹಿಂದೆ ನಿವೃತ್ತರೊಬ್ಬರು ನನ್ನ ಮೇಜಿನ ಮೇಲೆ ಪಾಸ್‌ಬುಕ್ಕನ್ನೂ ಪಾಸ್‌ಪೋರ್ಟನ್ನೂ ಅಕ್ಕಪಕ್ಕ ತೆರೆದಿಟ್ಟರು. ಪಾಸ್‌ಬುಕ್ಕಿನ ಒಂದು ಸಾಲಿನಲ್ಲಿ 8,00,000 ಜಮಾ, ಅದರ ಕೆಳಗಿನ ಸಾಲಿನಲ್ಲಿ ಅದೇ ದಿನಾಂಕಕ್ಕೆ 8,00,000 ವಾಪಸು. ಉಳಿದ ಶಿಲ್ಕು ಒಂದು ಹೊತ್ತಿನ ಖರ್ಚಿಗೂ ಸಾಲದಷ್ಟು. ಪಾಸ್‌ಪೋರ್ಟಿನಲ್ಲಿದ್ದ ಮುದ್ರೆ ಅವರು ಎಂದೂ ಕಾಲಿಡದ ಪ್ರಾಂತ್ಯದ ಇಮಿಗ್ರೇಷನ್ ಕಚೇರಿಯದು. ಮರುವರ್ಷ ಅವರ ಬಳಿ ಸ್ವಂತ ಹಣವೇ ಇತ್ತು. ಇನ್ನಾದರೂ ಸರಿಯಾಗಿ ನಡೆದುಕೊಳ್ಳೋಣವೆಂದು ತಾವಿದ್ದ ಊರಿನ ಕಚೇರಿಗೆ ಹೋದರು. ಅಧಿಕಾರಿ ಹಿಂದಿನ ಹನ್ನೆರಡು ತಿಂಗಳ ಖಾತೆ ವಿವರ ತನ್ನಿ ಎಂದರು. ತರುವುದೇನನ್ನು? ಕೊನೆಗೆ ದೇಶ ಬಿಟ್ಟು ಹೊರಟು, ಹೊಸ ವೀಸಾದೊಂದಿಗೆ ಮೊದಲಿನಿಂದ ಶುರು ಮಾಡಬೇಕಾಯಿತು. ಏಜೆಂಟರ ದಾರಿಯ ನಿಜವಾದ ಬೆಲೆ ಅವರ ಶುಲ್ಕವಲ್ಲ. ಒಮ್ಮೆ ಆ ದಾರಿ ಹಿಡಿದವರು ಪ್ರತಿವರ್ಷವೂ ಅದನ್ನೇ ಹಿಡಿಯಬೇಕಾಗುತ್ತದೆ, ಏಕೆಂದರೆ ಪ್ರಾಮಾಣಿಕವಾಗಿ ತೋರಿಸಬಹುದಾದ ಹಿಂದಿನ ವರ್ಷ ಅವರ ಬಳಿ ಇರುವುದಿಲ್ಲ. ಅರ್ಜಿ ತುಂಬಿಸಲು, ಸಾಲಿನಲ್ಲಿ ನಿಲ್ಲಲು, ಭಾಷೆಗೆ ನೆರವಾಗಲು ಏಜೆಂಟರನ್ನು ಇಟ್ಟುಕೊಂಡರೆ ನನ್ನ ತಕರಾರಿಲ್ಲ. ಹಣ ಮಾತ್ರ ನಿಮ್ಮದಾಗಿರಬೇಕು.

ಠೇವಣಿ ಸಾಧ್ಯವಿಲ್ಲದವರಿಗೆ ನ್ಯಾಯವಾದ ದಾರಿಗಳೇ ಇರುವಾಗ ಈ ಕಳ್ಳದಾರಿಯ ಅಗತ್ಯವೇ ನನಗೆ ಅರ್ಥವಾಗುವುದಿಲ್ಲ. ತಿಂಗಳಿಗೆ 65,000 ಬಾತ್ ಪಿಂಚಣಿ ಅಥವಾ ಆದಾಯ ಇದ್ದರೆ ಠೇವಣಿ ಬೇಕಿಲ್ಲ. ಎರಡನ್ನೂ ಕೂಡಿಸಿ ವರ್ಷಕ್ಕೆ 8 ಲಕ್ಷ ಮಾಡುವುದಕ್ಕೂ ಅವಕಾಶವಿದೆ: ತಿಂಗಳಿಗೆ 40,000 ಬಾತ್ ಬರುವವರಿಗೆ ವರ್ಷಕ್ಕೆ 4,80,000 ಆಗುತ್ತದೆ, ಉಳಿದ 3,20,000 ಖಾತೆಯಲ್ಲಿದ್ದರೆ ಸಾಕು. ಆದಾಯವನ್ನು ರುಜುವಾತು ಮಾಡುವ ಕ್ರಮ ಮಾತ್ರ ಬದಲಾಗಿದೆ. ಮೊದಲು ತಮ್ಮ ದೇಶದ ರಾಯಭಾರ ಕಚೇರಿಯಿಂದ ಒಂದು ಪತ್ರ ತಂದರೆ ಆಗುತ್ತಿತ್ತು. 2019ರ ಹೊತ್ತಿಗೆ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಗಳ ರಾಯಭಾರ ಕಚೇರಿಗಳು ಆ ಪತ್ರ ಕೊಡುವುದನ್ನು ನಿಲ್ಲಿಸಿದವು, ಆಗ ಹನ್ನೆರಡು ತಿಂಗಳೂ ವಿದೇಶದಿಂದ ಥಾಯ್ ಖಾತೆಗೆ ಹಣ ಬಂದಿರುವ ದಾಖಲೆಯನ್ನು ಒಪ್ಪುವ ಕ್ರಮ ಬಂತು.

ಪಾಸ್‌ಬುಕ್ಕಿನ ಈ ಹನ್ನೆರಡು ಜಮಾ ಸಾಲುಗಳಲ್ಲಿ ಜನ ಎಡವುವುದು ಎರಡು ಕಡೆ. ಮೊದಲನೆಯದು ವಿನಿಮಯ ದರ. ಸರಿಯಾಗಿ 65,000 ಬರುವಂತೆ ಲೆಕ್ಕ ಹಾಕಿ ಕಳಿಸುತ್ತಾರೆ. ದಾರಿಯಲ್ಲಿ ಬ್ಯಾಂಕ್ ತನ್ನ ಶುಲ್ಕ ಮುರಿದುಕೊಳ್ಳುತ್ತದೆ ಅಥವಾ ಆ ವಾರ ಬಾತ್ ಏರಿರುತ್ತದೆ, ಖಾತೆಗೆ 64,700 ಬೀಳುತ್ತದೆ. ಮುನ್ನೂರು ಬಾತ್ ತಾನೇ ಎಂದು ನೀವು ಅಂದುಕೊಳ್ಳಬಹುದು, ಅಧಿಕಾರಿ ಅಂದುಕೊಳ್ಳಬೇಕಾಗಿಲ್ಲ. ನನ್ನನ್ನು ಕೇಳಿದರೆ 70,000ಕ್ಕಿಂತ ಕಡಿಮೆ ಕಳಿಸಲೇಬೇಡಿ. ಎರಡನೆಯದು ಹಣ ಬಂದ ದಾರಿ. ಅಗ್ಗದ ಆನ್‌ಲೈನ್ ವರ್ಗಾವಣೆಯಲ್ಲಿ ಕೊನೆಯ ಹಂತ ಥಾಯ್ಲೆಂಡಿನ ಒಳಗಿನ ಬ್ಯಾಂಕಿನಿಂದಲೇ ನಡೆಯುವುದುಂಟು, ಆಗ ಪಾಸ್‌ಬುಕ್ಕಿನಲ್ಲಿ ಅದು ಸ್ಥಳೀಯ ಜಮಾದ ಸಂಕೇತದೊಂದಿಗೆ ಅಚ್ಚಾಗುತ್ತದೆ. ಮೊದಲ ತಿಂಗಳು ಸಣ್ಣ ಮೊತ್ತ ಕಳಿಸಿ, ಪಾಸ್‌ಬುಕ್ ಅಚ್ಚು ಹಾಕಿಸಿ, ವಿದೇಶದಿಂದ ಬಂದ ಹಣದ ಸಂಕೇತ ಬಿದ್ದಿದೆಯೇ ಎಂದು ಕಣ್ಣಾರೆ ನೋಡಿಕೊಳ್ಳಿ. ಹನ್ನೊಂದನೆಯ ತಿಂಗಳಲ್ಲಿ ನೋಡಿಕೊಂಡವರ ಪತ್ರಗಳು ನನ್ನ ಬಳಿ ಬೇಕಾದಷ್ಟಿವೆ. ಅರ್ಜಿ ಹಾಕುವ ಬೆಳಿಗ್ಗೆ ಖಾತೆಗೆ ನೂರು ಬಾತ್ ಹಾಕಿ ಪಾಸ್‌ಬುಕ್ಕಿನಲ್ಲಿ ಆ ದಿನದ ದಿನಾಂಕ ಬರುವಂತೆ ಮಾಡುವುದು, ಬ್ಯಾಂಕಿನ ಪತ್ರವನ್ನೂ ಆಗಲೇ ಪಡೆಯುವುದು ಹಳಬರೆಲ್ಲ ಪಾಲಿಸುವ ಪದ್ಧತಿ, ನೀವೂ ಪಾಲಿಸಿ.

ಇನ್ನು ನನ್ನ ಸ್ವಂತ ಎಚ್ಚರಿಕೆಯ ಮಾತು. ಅದನ್ನು ಅತಿ ಎನ್ನುವವರಿದ್ದಾರೆ. ಈ 8 ಲಕ್ಷವನ್ನು ‘ಕಷ್ಟಕಾಲಕ್ಕಿರಲಿ’ ಎಂದು ಇಟ್ಟ ಹಣವೆಂದು ಲೆಕ್ಕ ಹಾಕಬೇಡಿ. ಆಸ್ಪತ್ರೆಯ ಬಿಲ್ಲಿಗೆಂದು ಅದರಲ್ಲಿ ಕೈ ಹಾಕಿದ ದಿನವೇ ಮುಂದಿನ ವಿಸ್ತರಣೆಗೆ ಕುತ್ತು ಬರುತ್ತದೆ. ಅಷ್ಟನ್ನು ಕಟ್ಟಿಟ್ಟ ಮೇಲೂ ಚಿಕಿತ್ಸೆಗೆ, ತುರ್ತಾಗಿ ಹಿಂದಿರುಗುವುದಕ್ಕೆ ಬೇರೆ ಹಣ ಕೈಯಲ್ಲಿ ಉಳಿಯದಿದ್ದರೆ, ನಿಮಗೆ ಈ ವೀಸಾ ಸಿಗಬಹುದು, ಆದರೆ ನೀವು ಹೋಗಬಾರದು. ಖಾತೆದಾರರು ತೀರಿಕೊಂಡರೆ ಆ ಹಣ ಸಂಗಾತಿಯ ಕೈಗೆ ಮರುದಿನ ಸಿಗುವುದೂ ಇಲ್ಲ. ಥಾಯ್ ನ್ಯಾಯಾಲಯ ಆಸ್ತಿಗೆ ನಿರ್ವಾಹಕರನ್ನು ನೇಮಿಸುವವರೆಗೆ ಬ್ಯಾಂಕ್ ಅದನ್ನು ಬಿಡುವುದಿಲ್ಲ. ಖಾತೆ ತೆರೆದ ವಾರವೇ ಅಲ್ಲಿನ ವಕೀಲರಿಂದ ಥಾಯ್ ಆಸ್ತಿಗೆ ಪ್ರತ್ಯೇಕ ಉಯಿಲು ಬರೆಸಿ. ಇದನ್ನು ಹೇಳಿದಾಗ ಅಪಶಕುನ ನುಡಿದೆನೆಂಬಂತೆ ನೋಡುತ್ತಾರೆ, ಆಮೇಲೆ ಅವರ ಮನೆಯವರು ನನಗೇ ಪತ್ರ ಬರೆಯುತ್ತಾರೆ.

ಪ್ರಶ್ನೆ: ಒಬ್ಬರು ಆರೋಗ್ಯ ವಿಮೆ ಕಡ್ಡಾಯ ಎನ್ನುತ್ತಾರೆ, ಇನ್ನೊಬ್ಬರು ಬೇಡ ಎನ್ನುತ್ತಾರೆ. ಯಾರನ್ನು ನಂಬಲಿ?

ಉತ್ತರ: ಇಬ್ಬರೂ ತಮಗೆ ತಿಳಿದ ವೀಸಾದ ಮಾತನ್ನಷ್ಟೇ ಆಡುತ್ತಿದ್ದಾರೆ. ಹೊರದೇಶದ ಥಾಯ್ ರಾಯಭಾರ ಕಚೇರಿಯಲ್ಲಿ ಪಡೆಯುವ ‘ಓ-ಎ’ ವೀಸಾಕ್ಕೆ 2019ರ ಅಕ್ಟೋಬರ್ ಕೊನೆಯಿಂದ ವಿಮೆ ಕಡ್ಡಾಯ. ಮೊದಲು ಒಳರೋಗಿ ಚಿಕಿತ್ಸೆಗೆ 4 ಲಕ್ಷ, ಹೊರರೋಗಿಗೆ 40,000 ಬಾತ್ ಎಂದಿದ್ದದ್ದು 2021ರಲ್ಲಿ 30 ಲಕ್ಷ ಬಾತ್‌ಗೆ ಏರಿತು. ಆ ವೀಸಾಕ್ಕೆ ಪೊಲೀಸ್ ನಿರಾಕ್ಷೇಪಣಾ ಪತ್ರವೂ, ಕುಷ್ಠ, ಕ್ಷಯ, ಆನೆಕಾಲು, ಮಾದಕ ವ್ಯಸನ, ಮೂರನೆಯ ಹಂತದ ಸಿಫಿಲಿಸ್ ಇಲ್ಲವೆಂಬ ವೈದ್ಯರ ಪತ್ರವೂ ಬೇಕು. ಸಾಧಾರಣ ‘ಓ’ ವೀಸಾದಲ್ಲಿ ಬಂದು, ಅಲ್ಲಿಯೇ ನಿವೃತ್ತಿಯ ಆಧಾರದ ಮೇಲೆ ವಿಸ್ತರಣೆ ಪಡೆಯುವವರಿಗೆ ವಿಮೆಯ ಷರತ್ತಿಲ್ಲ. ಇದನ್ನು ಕೇಳಿದ ಕೂಡಲೇ ವಿಮೆ ಉಳಿಸಲೆಂದೇ ‘ಓ’ ಆರಿಸಿಕೊಳ್ಳುವ ಜಾಣರಿಗೆ ನನ್ನದೊಂದು ಮಾತು: ನಿಯಮ ಕೇಳದಿದ್ದರೂ ಆಸ್ಪತ್ರೆಯ ದಾಖಲಾತಿ ಕೌಂಟರ್ ಕೇಳುತ್ತದೆ. ಎಪ್ಪತ್ತು ದಾಟಿದ ಮೇಲೆ ಹೊಸ ವಿಮೆ ಸಿಗುವುದು ಕಷ್ಟ, ಸಿಕ್ಕರೂ ಹಳೆಯ ಕಾಯಿಲೆಗಳನ್ನು ಹೊರಗಿಡುತ್ತದೆ. ಆದ್ದರಿಂದ ಹೊರಡುವ ಮೊದಲೇ ಪಾಲಿಸಿಯನ್ನು ಕೈಯಲ್ಲಿ ಹಿಡಿದಿರಿ.

ಪ್ರಶ್ನೆ: ವಿಸ್ತರಣೆ ಒಂದು ವರ್ಷಕ್ಕಿದೆ. ನಡುವೆ ಒಂದು ತಿಂಗಳು ಮನೆಗೆ ಹೋಗಿ ಬರಬಹುದಲ್ಲವೇ?

ಉತ್ತರ: ಹೊರಡುವ ಮೊದಲು ಮರುಪ್ರವೇಶ ಪರವಾನಗಿ ಪಡೆದರೆ ಬರಬಹುದು. ಒಂದು ಸಲಕ್ಕೆ 1,000 ಬಾತ್, ಹಲವು ಸಲಕ್ಕೆ 3,800 ಬಾತ್. ಅದಿಲ್ಲದೆ ಗಡಿ ದಾಟಿದ ಕ್ಷಣವೇ ವಿಸ್ತರಣೆ ಸತ್ತುಹೋಗುತ್ತದೆ, ಎಂಟು ಲಕ್ಷ ಖಾತೆಯಲ್ಲಿದ್ದರೂ ಅಷ್ಟೇ. ಸಾವಿನ ಸುದ್ದಿ ಕೇಳಿ ಗಾಬರಿಯಲ್ಲಿ ವಿಮಾನ ಹತ್ತಿದವರು ಹೀಗೆ ಕಳೆದುಕೊಂಡದ್ದನ್ನು ಕಂಡಿರುವುದರಿಂದ, ವಿಸ್ತರಣೆ ಸಿಕ್ಕ ದಿನವೇ ಹಲವು ಸಲದ ಪರವಾನಗಿಯನ್ನೂ ಮಾಡಿಸಿಕೊಳ್ಳಿ ಎನ್ನುತ್ತೇನೆ.

ಪ್ರಶ್ನೆ: ತೊಂಬತ್ತು ದಿನಕ್ಕೊಮ್ಮೆ ದೇಶ ಬಿಟ್ಟು ಹೋಗಿ ಬರಬೇಕೇ?

ಉತ್ತರ: ಬೇಡ. ತೊಂಬತ್ತು ದಿನಕ್ಕೊಮ್ಮೆ ಮಾಡಬೇಕಾದದ್ದು ವಾಸದ ವಿಳಾಸದ ವರದಿ, ಟಿ.ಎಂ. 47 ನಮೂನೆಯನ್ನು ಗಡುವಿಗೆ ಹದಿನೈದು ದಿನ ಮುಂಚಿನಿಂದ ಏಳು ದಿನ ನಂತರದವರೆಗೆ ಸಲ್ಲಿಸಬಹುದು. ಅದು ವೀಸಾ ಅಲ್ಲ, ವಾಸದ ಅವಧಿಯನ್ನು ಒಂದು ದಿನವೂ ಹೆಚ್ಚಿಸುವುದಿಲ್ಲ. ಅವಧಿ ಮೀರಿ ಉಳಿದರೆ ದಿನಕ್ಕೆ 500 ಬಾತ್, ಗರಿಷ್ಠ 20,000 ಬಾತ್ ದಂಡ. ತೊಂಬತ್ತು ದಿನಕ್ಕೂ ಹೆಚ್ಚು ಮೀರಿದರೆ ತಾವಾಗಿಯೇ ಶರಣಾದವರಿಗೂ ಒಂದು ವರ್ಷ ಪ್ರವೇಶ ನಿಷೇಧ.

ಪ್ರಶ್ನೆ: ಅಪಾರ್ಟ್‌ಮೆಂಟ್ ಕೊಂಡರೆ ನಿವೃತ್ತಿ ವೀಸಾ ತಾನಾಗಿ ಸಿಗುತ್ತದೆಂದು ಬಿಲ್ಡರ್ ಹೇಳಿದ್ದಾರೆ.

ಉತ್ತರ: ಸಿಗುವುದಿಲ್ಲ. ಬಿಲ್ಡರಿಗೆ ಬೇಕಾದದ್ದು ನಿಮ್ಮ ಮುಂಗಡ.

ಪ್ರಶ್ನೆ: ಕೆಲವು ವರ್ಷ ಕಳೆದರೆ ಇದೇ ವೀಸಾ ಕಾಯಂ ವಾಸದ ಹಕ್ಕಾಗುತ್ತದೆಯೇ? ನಡುವೆ ಸಣ್ಣಪುಟ್ಟ ಕೆಲಸ ಮಾಡಬಹುದೇ?

ಉತ್ತರ: ಎರಡಕ್ಕೂ ಇಲ್ಲ.

ಪ್ರಶ್ನೆ: ಹತ್ತು ವರ್ಷದ ವೀಸಾ ಇದೆಯಂತೆ, ನನಗೆ ಅದೇ ಬೇಕು.

ಉತ್ತರ: ‘ಓ-ಎಕ್ಸ್’ ವೀಸಾ ಐದು ವರ್ಷಕ್ಕೆ ಸಿಕ್ಕು, ಮತ್ತೈದು ವರ್ಷಕ್ಕೆ ಮುಂದುವರಿಯುತ್ತದೆ, ಆದರೆ 14 ದೇಶಗಳ ಪ್ರಜೆಗಳಿಗೆ ಮಾತ್ರ. ಭಾರತ ಆ ಪಟ್ಟಿಯಲ್ಲಿಲ್ಲ. 2022ರಲ್ಲಿ ಬಂದ ದೀರ್ಘಾವಧಿ ವೀಸಾದ ಪಿಂಚಣಿದಾರರ ವರ್ಗಕ್ಕೆ ದೇಶದ ಪಟ್ಟಿಯಿಲ್ಲ, ಆದರೆ ವರ್ಷಕ್ಕೆ 80,000 ಡಾಲರ್ ಆದಾಯ ಕೇಳುತ್ತದೆ. ಹೂಡಿಕೆ ಮಾಡಿದವರಿಗಷ್ಟೇ ಅದರಲ್ಲಿ ರಿಯಾಯಿತಿ.

ಪ್ರಶ್ನೆ: ಥಾಯ್ಲೆಂಡೇ ಏಕೆ? ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಗಳ ನಿವೃತ್ತಿ ವೀಸಾ ಬಗ್ಗೆ ಬರೆಯಿರಿ.

ಉತ್ತರ: ಅಮೆರಿಕದಲ್ಲಿ ಅಂಥ ವೀಸಾ ಇಲ್ಲ. ಬ್ರಿಟನ್ ತನ್ನದನ್ನು 2008ರಲ್ಲಿ ಮುಚ್ಚಿತು, ಆಸ್ಟ್ರೇಲಿಯಾ 2018ರಲ್ಲಿ. ಇವನ್ನು ಕೊಡಿಸುತ್ತೇನೆಂದು ಯಾರಾದರೂ ಮುಂಗಡ ಕೇಳಿದರೆ ಎದ್ದು ಬನ್ನಿ.

ಪ್ರಶ್ನೆ: ಅಲ್ಲಿಗೆ ತರಿಸಿಕೊಳ್ಳುವ ಪಿಂಚಣಿಗೆ ತೆರಿಗೆ ಇಲ್ಲವೆಂದು ಏಜೆಂಟರು ಬರೆದುಕೊಟ್ಟಿದ್ದಾರೆ.

ಉತ್ತರ: ಏಜೆಂಟರು ಬರೆದುಕೊಟ್ಟದ್ದು ತೆರಿಗೆ ಇಲಾಖೆಗೆ ಬೇಕಿಲ್ಲ. ಒಂದು ಕ್ಯಾಲೆಂಡರ್ ವರ್ಷದಲ್ಲಿ 180 ದಿನ ಅಲ್ಲಿದ್ದವರು ತೆರಿಗೆಯ ಮಟ್ಟಿಗೆ ನಿವಾಸಿಗಳು, 2024ರ ಜನವರಿ 1ರ ನಂತರ ಗಳಿಸಿ ಅಲ್ಲಿಗೆ ತಂದ ವಿದೇಶಿ ಆದಾಯ ತೆರಿಗೆಯ ವ್ಯಾಪ್ತಿಗೆ ಬರುತ್ತದೆ. ನಿಮ್ಮ ಪಿಂಚಣಿಗೆ ಎರಡು ದೇಶಗಳ ತೆರಿಗೆ ಒಪ್ಪಂದದಲ್ಲಿ ವಿನಾಯಿತಿ ಇದೆಯೇ ಎಂಬುದನ್ನು ಲೆಕ್ಕಪರಿಶೋಧಕರಿಂದ ತಿಳಿದುಕೊಳ್ಳಿ. ಠೇವಣಿಯ ಎಂಟು ಲಕ್ಷ ಅದಕ್ಕೂ ಹಿಂದಿನ ಉಳಿತಾಯದ್ದಾಗಿದ್ದರೆ, 2023ರ ಡಿಸೆಂಬರ್ 31ರ ಶಿಲ್ಕು ತೋರಿಸುವ ಬ್ಯಾಂಕ್ ವಿವರವನ್ನು ಜೋಪಾನವಾಗಿಡಿ.

ಪ್ರಶ್ನೆ: ವಿಸ್ತರಣೆಗೆಂದು ಪಾಸ್‌ಪೋರ್ಟನ್ನೂ ಪಾಸ್‌ಬುಕ್ಕನ್ನೂ ಏಜೆಂಟರಿಗೆ ಕೊಟ್ಟು ಮೂರು ವಾರವಾಯಿತು. ಕೇಳಿದರೆ ನಾಳೆ ಎನ್ನುತ್ತಾರೆ. ಇನ್ನೆಷ್ಟು ದಿನ ಕಾಯಬೇಕು?

ಉತ್ತರ: ಇಂದೇ ಹೋಗಿ ಎರಡನ್ನೂ ವಾಪಸು ತನ್ನಿ. ಕೊಡಲು ಒಪ್ಪದಿದ್ದರೆ ಪೊಲೀಸರಿಗೆ ದೂರು ಕೊಟ್ಟು, ಅದರ ಪ್ರತಿಯೊಂದಿಗೆ ನಿಮ್ಮ ರಾಯಭಾರ ಕಚೇರಿಗೆ ಹೋಗಿ. ಪಾಸ್‌ಬುಕ್ ಕೈಗೆ ಬಂದ ಮೇಲೆ ಮೊದಲು ಕೊನೆಯ ಪುಟ ನೋಡಿ.